ಹೊಳೆಯೊಳಗಿನ ನೂಲುಗಾರ

ಹಸ್ತ, ಚಿತ್ತೆ ಮಳೆಗಳು ಮುಗಿದು, ಕೊಡಗಿನ ಮಣ್ಣನ್ನು ಹೊತ್ತು ಎರಡು ಮೂರು ತಿಂಗಳು ಕೆಂಪಗೆ ಹರಿದ ಕಾವೇರಿಯು ತನ್ನ ಕದಡನ್ನೆಲ್ಲ ಇಳಿಸಿ ತಿಳಿಯಾಗುತ್ತ ಬರುವ ಶರತ್ಕಾಲದಲ್ಲಿ, ನಮ್ಮ ಕಿರುಗಾವಲಿನ ಗದ್ದೆಬಯಲಿನಲ್ಲಿ ಭತ್ತದ ಹೊಡೆ ಬಿಚ್ಚಿ ತೆನೆಗೆ ಹಾಲು ಕಟ್ಟುವ ದಿನಗಳಲ್ಲಿ, ಸಂಜೆಯ ದೀಪಕ್ಕೆ ಮುತ್ತುವ ಹುಳುಗಳ ಹಾವಳಿಯೂ ಇದ್ದಕ್ಕಿದ್ದಂತೆ ಏರುತ್ತದೆ. ನಾನು ಹುಡುಗನಾಗಿದ್ದಾಗ, ಈ ಕಾಲ ಬಂದಿತೆಂದರೆ ಅವ್ವ ಇನ್ನೂ ಬೆಳಕಿರುವಾಗಲೇ ಮುದ್ದೆ ಕಟ್ಟಿ ಎಲ್ಲರಿಗೂ ಉಣಬಡಿಸಿಬಿಡುತ್ತಿದ್ದಳು. ಕತ್ತಲಾದ ಮೇಲೆ ಉಣ್ಣಲು ಕುಳಿತವನ ಉಪ್ಪೆಸರಿನ ಬಟ್ಟಲಿಗೆ ನಾಲ್ಕಾರು ಹುಳು ಬೀಳುವುದು ಖಂಡಿತವಾಗಿದ್ದಿತು. ಆ ಹುಳುಗಳಲ್ಲಿ ಹಸುರು ಜಿಗಿಹುಳುವನ್ನೂ ಕಾಂಡ ಕೊರೆಯುವ ಹುಳುವಿನ ಬಿಳಿಯ ಪತಂಗವನ್ನೂ ರೈತರ ಮಕ್ಕಳಾದ ನಾವು ಗುರುತಿಸುತ್ತಿದ್ದೆವು. ಆದರೆ ಗೋಡೆಯ ಮೇಲೆ, ದೀಪದಿಂದ ಒಂದು ಗೇಣು ದೂರದಲ್ಲಿ, ಮಾಸಲು ಕಂದು ಬಣ್ಣದ ರೆಕ್ಕೆಗಳನ್ನು ಗುಡಿಸಲ ಸೂರಿನಂತೆ ಇಳಿಜಾರಾಗಿ ಮಡಿಸಿ, ತನ್ನ ಮೈಗಿಂತಲೂ ಉದ್ದವಾದ ಎರಡು ಮೀಸೆಗಳನ್ನು ಮುಂದಕ್ಕೆ ಚಾಚಿ ಕುಳಿತಿರುತ್ತಿದ್ದ ಒಂದು ಸಣ್ಣ ಜೀವಿಯನ್ನು ನಾವು ಯಾರೂ ವಿಚಾರಿಸಿದವರಲ್ಲ. ಬೆಳೆಯನ್ನು ತಿನ್ನುವುದಿಲ್ಲ, ಕಚ್ಚುವುದಿಲ್ಲ; ಹೀಗೆ ಲಾಭನಷ್ಟಗಳೆರಡಕ್ಕೂ ಹೊರಗಾದ ಪ್ರಾಣಿಯನ್ನು ಹೆಸರಿಟ್ಟು ಕರೆಯುವ ವ್ಯವಧಾನ ಒಕ್ಕಲುತನದ ಮನೆಗೆ ಎಲ್ಲಿಂದ ಬರಬೇಕು?

ಸಾಗರದಾಚೆಯ ಗಾಳಗಾರರು ಮಾತ್ರ ಈ ಜೀವಿಯನ್ನು ನಾನೂರು ವರ್ಷಗಳಿಂದ ಹಗಲಿರುಳೂ ಧ್ಯಾನಿಸಿದ್ದಾರೆ. ಅವರು ಇದನ್ನು ಕ್ಯಾಡಿಸ್ ಎನ್ನುತ್ತಾರೆ. ಹೊಳೆಯಂಚಿನ ಜೊಂಡಿನಲ್ಲಿ ಕುಳಿತಿರುವುದನ್ನು ಕಂಡು ಇಂಗ್ಲೆಂಡಿನವರು ಸೆಜ್ ಎಂದೂ ಕರೆದರು. ವಿಜ್ಞಾನಿಗಳು ಇಟ್ಟ ಹೆಸರು ಟ್ರೈಕಾಪ್ಟೆರಾ. ಕನ್ನಡದಲ್ಲಿ ರೋಮಪಕ್ಷಿಗಳು ಎನ್ನಬಹುದು, ಏಕೆಂದರೆ ಇವುಗಳ ರೆಕ್ಕೆಯ ಮೇಲೆ ಇರುವುದು ಪಾತರಗಿತ್ತಿಯ ಹುಡಿಯಲ್ಲ, ನವುರಾದ ಕೂದಲು. ಲೋಕದಲ್ಲಿ ಈವರೆಗೆ ಗುರುತಿಸಲ್ಪಟ್ಟಿರುವ ಇವುಗಳ ಪ್ರಭೇದಗಳು 16,000ಕ್ಕೂ ಹೆಚ್ಚು. ಪಾತರಗಿತ್ತಿ ಮತ್ತು ಪತಂಗಗಳ ಕುಲವೂ ಈ ರೋಮಪಕ್ಷಿಗಳ ಕುಲವೂ ಇಪ್ಪತ್ತು ಕೋಟಿ ವರ್ಷಗಳಿಗೂ ಹಿಂದೆ ಒಂದೇ ಮೂಲದಿಂದ ಕವಲೊಡೆದವು. ಕೀಟಪ್ರಪಂಚದಲ್ಲಿ ಇವೆರಡರಷ್ಟು ಹತ್ತಿರದ ದಾಯಾದಿಗಳು ವಿರಳ. ಆ ದಾಯಾದಿತ್ವದ ಅತ್ಯಂತ ಸ್ಪಷ್ಟವಾದ ಗುರುತು ಬಾಯಿಯಿಂದ ನೂಲು ತೆಗೆಯುವ ವಿದ್ಯೆ.

ನೂಲಿನ ಮಾತು ಮಂಡ್ಯದ ಸೀಮೆಯವನಿಗೆ ಯಾರೂ ಹೇಳಿಕೊಡಬೇಕಾದುದಲ್ಲ. ಮಳವಳ್ಳಿ, ಮದ್ದೂರು ತಾಲ್ಲೂಕುಗಳಲ್ಲಿ ಹಿಪ್ಪುನೇರಳೆ ಸೊಪ್ಪಿನ ವಾಸನೆ ಹೊಗದ ಊರೇ ಕಡಮೆ. ನಾಲ್ಕನೆಯ ಜ್ವರ ಎದ್ದ ಹುಳುಗಳು ತಟ್ಟೆಯ ಮೇಲೆ ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಬೀಳುವ ಸಣ್ಣ ಮಳೆಯ ಸದ್ದಿನಂತೆ ರಾತ್ರಿಯೆಲ್ಲ ಮನೆಯನ್ನು ತುಂಬಿರುವುದನ್ನೂ, ಹಣ್ಣಾದ ಹುಳುಗಳನ್ನು ಒಂದೊಂದಾಗಿ ಆಯ್ದು ಚಂದ್ರಿಕೆಗೆ ಬಿಟ್ಟಾಗ ಅವು ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತ ತಮ್ಮ ಸುತ್ತ ತಾವೇ ಗೂಡು ಕಟ್ಟಿಕೊಂಡು ಮರೆಯಾಗುವುದನ್ನೂ ನಾನು ಎಷ್ಟು ಸಲ ನೋಡಿದ್ದೇನೆಯೋ ಲೆಕ್ಕವಿಲ್ಲ. ಆ ಹುಳುವಿನ ಕೆಳದುಟಿಯ ಗ್ರಂಥಿಯಿಂದ ಹೊರಡುವ ಎಳೆಯಂಥದೇ ಎಳೆಯನ್ನು, ಅಂಥದೇ ಗ್ರಂಥಿಯಿಂದ, ಹರಿಯುವ ಹೊಳೆಯ ತಳದಲ್ಲಿ ಕುಳಿತು ತೆಗೆಯುವ ಇನ್ನೊಂದು ಹುಳು ಇದೆಯೆಂಬುದು ನನಗೆ ತಿಳಿದದ್ದು ನಡುವಯಸ್ಸು ದಾಟಿದ ಮೇಲೆ, ಮುತ್ತತ್ತಿಯಲ್ಲಿ.

ಮುತ್ತತ್ತಿ ನಮ್ಮ ತಾಲ್ಲೂಕಿನದೇ. ಶಿವನಸಮುದ್ರದಲ್ಲಿ ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕಿದ ಹೊಳೆ ಕಾಡಿನ ನಡುವೆ ಬಂಡೆಗಳನ್ನು ಬಳಸಿಕೊಂಡು ಬರುವ ಎಡೆ. ಸೀತಾದೇವಿಯ ಮುತ್ತು ಹೊಳೆಗೆ ಬಿದ್ದಾಗ ಹನುಮಂತನು ಬಾಲವನ್ನು ಮಡುವಿಗೆ ಇಳಿಬಿಟ್ಟು ತಳವನ್ನೆಲ್ಲ ಕಲಕಿ ಅದನ್ನು ಎತ್ತಿಕೊಟ್ಟನೆಂದೂ, ಅದರಿಂದಲೇ ಅವನು ಮುತ್ತೆತ್ತಿರಾಯನಾದನೆಂದೂ ಸ್ಥಳಪುರಾಣ. ಕಾರ್ತಿಕದ ಒಂದು ಮಧ್ಯಾಹ್ನ ದೇವರ ದರ್ಶನ ಮುಗಿಸಿ, ಮೊಣಕಾಲುದ್ದದ ನೀರಿರುವ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಾಗ, ಒಂದು ಕಾಲಕ್ಕೆ ಹರಿಗೋಲು ಹಾಕುತ್ತಿದ್ದ ಮುದುಕರೊಬ್ಬರು ಪಕ್ಕದಲ್ಲಿ ಬಂದು ಕುಳಿತರು. ನನ್ನ ಕಾಲಿಗೆ ತಾಗಿದ್ದ, ಅಂಗೈಯಗಲದ ಚಪ್ಪಟೆ ಕಲ್ಲೊಂದನ್ನು ನಾನು ಸುಮ್ಮನೆ ಎತ್ತಿದೆನು. ಅದರ ಕೆಳಮೈಯಲ್ಲಿ ಅಕ್ಕಿಕಾಳಿನಷ್ಟುದ್ದದ, ಮರಳಿನ ಕಣಗಳನ್ನು ಅಂಟಿಸಿ ಮಾಡಿದ ಏಳೆಂಟು ಕೊಳವೆಗಳು ಹತ್ತಿಕೊಂಡಿದ್ದವು.

"ಮರಳು ಮೆತ್ತಿಕೊಂಡಿದೆಯಲ್ಲ, ಯಜಮಾನರೆ" ಎಂದೆನು.

"ಮರಳಲ್ಲ ಸ್ವಾಮಿ, ಮನೆ ಅದು. ಒಳಗೆ ಹುಳ ಅದೆ. ಕೆಂಡೆಮೀನು ಕಲ್ಲಿಗೆ ಮೂತಿ ಉಜ್ಜಿ ಉಜ್ಜಿ ಕಿತ್ಕೊಂಡು ತಿಂತದೆ ನೋಡಿ" ಎಂದರು.

ಒಂದು ಕೊಳವೆಯನ್ನು ಹತ್ತಿರದಿಂದ ನೋಡಿದೆನು. ಕಣಗಳಲ್ಲಿ ಒಂದೂ ಅಡ್ಡಾದಿಡ್ಡಿಯಾಗಿರಲಿಲ್ಲ. ಬಾಯಿಯ ಕಡೆ ದಪ್ಪ ಕಣ, ಹಿಂದಕ್ಕೆ ಹೋಗುತ್ತ ನುಣುಪು ಕಣ. ಗಾರೆಯ ಕೆಲಸದವನು ಕಲ್ಲಿನ ಮುಖ ನೋಡಿ ನೋಡಿ ಕೂರಿಸಿದಂತೆ ಒಂದರ ಮಗ್ಗುಲಿಗೆ ಒಂದು ಒಪ್ಪವಾಗಿ ಕುಳಿತಿದ್ದವು. ಒಂದೆರಡು ನಿಮಿಷದ ಮೇಲೆ ಆ ಬಾಯಿಯಿಂದ ಕಂದು ಬಣ್ಣದ ಪುಟ್ಟ ತಲೆಯೊಂದು ಹೊರಟು, ಆರು ಕಾಲುಗಳು ಹೊರಟು, ಗಾಳಿಯ ರುಚಿ ಹಿಡಿಸದೆ ಮತ್ತೆ ಒಳಗೆ ಸರಿದವು. ಅದೇ ಕಲ್ಲಿನ ಮತ್ತೊಂದು ಮಗ್ಗುಲಲ್ಲಿ, ಎರಡು ಉಬ್ಬುಗಳ ನಡುವೆ, ಕಿರುಬೆರಳಿನ ಉಗುರಿನಷ್ಟು ಅಗಲದ ಒಂದು ಬಲೆ ಇದ್ದಿತು. ನೀರಿನಿಂದ ಎತ್ತಿದೊಡನೆ ಅದು ಕುಗ್ಗಿ ಕೆಸರಿನ ಮುದ್ದೆಯಂತಾಯಿತು, ನೀರಿಗೆ ಇಳಿಸಿದೊಡನೆ ಪ್ರವಾಹಕ್ಕೆ ಎದುರಾಗಿ ಬಿಚ್ಚಿ ನಿಂತಿತು. ಕಣ್ಣು ಕಣ್ಣಾಗಿ, ಸಮನಾಗಿ, ಬೆಸ್ತರ ಬಲೆಯ ಹಾಗೆಯೇ ಹೆಣೆದ ಬಲೆ. ಹೈಡ್ರೊಸೈಕಿ ಎಂಬ ವಂಶದ ಹುಳುಗಳು ಹೊತ್ತೊಯ್ಯುವ ಮನೆ ಕಟ್ಟದೆ ಹೀಗೆ ಬಲೆ ಒಡ್ಡಿ ಕುಳಿತು, ಹೊಳೆ ತಂದುಕೊಡುವ ಪಾಚಿ, ಎಲೆಯ ಚೂರು, ಸೂಕ್ಷ್ಮಜೀವಿಗಳನ್ನು ಬಾಚಿ ತಿನ್ನುತ್ತವೆ. ಬೇರೆ ವಂಶಗಳಲ್ಲಿ ಎಲೆಯನ್ನು ಕತ್ತರಿಸಿ ಮನೆ ಮಾಡುವುದುಂಟು, ಕಡ್ಡಿಗಳನ್ನು ಚೌಕವಾಗಿ ಪೇರಿಸುವುದುಂಟು, ಮನೆಯೇ ಇಲ್ಲದೆ ಬೇಟೆಯಾಡಿ ತಿರುಗುವುದೂ ಉಂಟು. ಸಿಕ್ಕಿದ ಸಾಮಗ್ರಿಯಿಂದ ಕಟ್ಟುವುದು ಇವುಗಳ ಸ್ವಭಾವವಾದುದರಿಂದ, ಹ್ಯೂಬರ್ಟ್ ಡುಪ್ರಾ ಎಂಬ ಫ್ರೆಂಚ್ ಕಲಾವಿದನು ಇಂಥ ಹುಳುಗಳಿಗೆ ಬಂಗಾರದ ತುಣುಕು, ಮುತ್ತುಗಳನ್ನೇ ಒದಗಿಸಿ, ಅವು ಕಟ್ಟಿದ ಚಿನ್ನದ ಕೊಳವೆಗಳನ್ನು ಪ್ರದರ್ಶನಕ್ಕೆ ಇಟ್ಟನು. ಮುತ್ತತ್ತಿಯ ಆ ಮರಳಿನ ಕೊಳವೆ ನನ್ನ ಕಣ್ಣಿಗೆ ಅದಕ್ಕಿಂತ ಕಡಮೆಯದಾಗಿ ಕಾಣಲಿಲ್ಲ.

ಒದ್ದೆಯಾದ ವಸ್ತುವಿಗೆ ಅಂಟು ಹತ್ತುವುದಿಲ್ಲವೆಂಬುದು ಮುರಿದ ಮಡಕೆಯನ್ನು ಅಂಟಿಸಹೊರಟ ಯಾರಿಗಾದರೂ ಗೊತ್ತು. ಈ ಹುಳುವಾದರೋ ನೀರಿನೊಳಗೇ ಇದ್ದುಕೊಂಡು, ಒದ್ದೆ ಕಲ್ಲಿಗೆ ಒದ್ದೆ ಕಲ್ಲನ್ನು ಅಂಟಿಸುತ್ತದೆ. ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ರಸೆಲ್ ಸ್ಟೀವರ್ಟ್ ಮತ್ತು ಸಂಗಡಿಗರು 2010ರಲ್ಲಿ ಇದರ ಗುಟ್ಟನ್ನು ಬಿಡಿಸಿದರು: ರೇಷ್ಮೆಹುಳುವಿನ ನೂಲಿಗೂ ಇದರ ನೂಲಿಗೂ ಹಂದರ ಬಹುಮಟ್ಟಿಗೆ ಒಂದೇ, ಆದರೆ ಇದರಲ್ಲಿ ಸೆರೀನ್ ಎಂಬ ಘಟಕಕ್ಕೆ ಫಾಸ್ಫೇಟ್ ಸೇರಿ, ಅದು ಸುಣ್ಣದ ಮೂಲಧಾತುವಾದ ಕ್ಯಾಲ್ಸಿಯಮ್ಮಿನೊಡನೆ ಬೆಸೆದು, ಎಳೆಯು ನೀರಿನಲ್ಲಿ ಕರಗದ ಹಾಗೂ ಹಿಡಿತ ಬಿಡದ ಹಾಗೂ ಗಟ್ಟಿಗೊಳ್ಳುತ್ತದೆ. ಎಳೆಯ ರೂಪ ಕೂಡ ದುಂಡಗಲ್ಲ, ಎರಡು ಪಟ್ಟಿಗಳು ಜೋಡಿಗೊಂಡ ಅಂಟುಪಟ್ಟಿ. ಶಸ್ತ್ರಚಿಕಿತ್ಸೆಯಲ್ಲಿ ಹಸಿಯ ಗಾಯವನ್ನು ಕೂಡಿಸಲು ಇಂಥ ಅಂಟು ದೊರಕೀತೆ ಎಂಬುದು ಅವರ ಶೋಧನೆಯ ಹಿಂದಿದ್ದ ಆಸೆ.

ಇನ್ನು ಈ ಜೀವಿ ನೀರನ್ನು ಬಿಟ್ಟು ಏಳುವ ಘಳಿಗೆ; ಮೀನಿಗೂ ಗಾಳಗಾರನಿಗೂ ಮುಖ್ಯವಾದುದು ಅದೇ. ತಿಂಗಳುಗಟ್ಟಲೆ, ಕೆಲವು ಸೀಮೆಗಳಲ್ಲಿ ವರ್ಷವಿಡೀ ಹುಳುವಾಗಿ ನೀರಿನಲ್ಲಿ ಬೆಳೆದ ಮೇಲೆ ಅದು ತನ್ನ ಮನೆಯನ್ನು ಕಲ್ಲಿಗೆ ಭದ್ರವಾಗಿ ಹೊಲಿದು, ಬಾಯಿಯನ್ನು ನೂಲಿನಿಂದ ಮುಚ್ಚಿ, ಒಳಗೆ ಕೋಶಾವಸ್ಥೆಗೆ ಸಲ್ಲುತ್ತದೆ. ಚಂದ್ರಿಕೆಯಲ್ಲಿ ನಡೆಯುವುದೇ ಇಲ್ಲಿಯೂ ನಡೆಯುವುದು. ಆದರೆ ರೇಷ್ಮೆಯ ಚಿಟ್ಟೆ ಗೂಡು ತೂತು ಮಾಡಿ ಹೊರಬಂದರೆ ಎದುರಿಗಿರುವುದು ಗಾಳಿ, ಇದಕ್ಕೆ ಎದುರಿಗಿರುವುದು ಹರಿಯುವ ನೀರು. ಕೋಶದೊಳಗಿನ ಜೀವಿ ಬಲವಾದ ದವಡೆಗಳಿಂದ ಮುಚ್ಚಳವನ್ನು ಕತ್ತರಿಸಿ, ನಡುವಿನ ಜೋಡಿ ಕಾಲುಗಳನ್ನು ಹುಟ್ಟಿನಂತೆ ಆಡಿಸುತ್ತ, ಇನ್ನೂ ಬಿಚ್ಚದ ರೆಕ್ಕೆಗಳನ್ನು ಮೈಗೆ ಕಟ್ಟಿಕೊಂಡೇ ಮೇಲಕ್ಕೆ ಈಜುತ್ತದೆ. ಹೊರಪೊರೆಯ ಕೆಳಗೆ ಸೇರಿದ ಗಾಳಿಯು ಅದರ ಮೈಯನ್ನು ಬೆಳ್ಳಿಯ ಹನಿಯಂತೆ ಹೊಳೆಯಿಸುತ್ತದೆ. ನೀರಿನ ಮೇಲ್ಪೊರೆಯ ಕೆಳಗೆ ಕೆಲವು ಕ್ಷಣ ತಡೆದು, ಪೊರೆ ಒಡೆದು, ರೆಕ್ಕೆಯುಳ್ಳದ್ದಾಗಿ ಹಾರಿಬಿಡಬೇಕು. ಅಡಗಲು ಎಡೆಯಿಲ್ಲ, ಓಡಲು ಶಕ್ತಿಯಿಲ್ಲ. ಮೀನಿಗೆ ಇದಕ್ಕಿಂತ ಸುಲಭವಾದ ತುತ್ತು ಇಲ್ಲ. ದಡ ಸೇರಿದ ಮೇಲೆ ಅದು ಉಣ್ಣುವುದು ಬಹು ಸ್ವಲ್ಪ. ಕೆಲವು ದಿನಗಳಲ್ಲಿಯೇ ಹೆಣ್ಣುಗಳು ಮುಸ್ಸಂಜೆಯಲ್ಲಿ ಹೊಳೆಗೆ ಮರಳಿ ನೀರನ್ನು ತಟ್ಟುತ್ತ ಮೊಟ್ಟೆಯಿಡುತ್ತವೆ. ಕೆಲವು ಜಾತಿಯವು ನೀರಿನೊಳಕ್ಕೇ ಮುಳುಗಿ ಕಲ್ಲಿಗೆ ಮೊಟ್ಟೆ ಅಂಟಿಸಿ ಬರುತ್ತವೆ. ಹೀಗೆ ಮೀನಿಗೆ ಎರಡನೆಯ ಬಾರಿ ಎಲೆ ಹಾಕಿದಂತಾಗುತ್ತದೆ.

ತಣ್ಣೀರಿನ ಮೀನಾದ ಟ್ರೌಟ್, ಪ್ರವಾಹಕ್ಕೆ ಮುಖಮಾಡಿ ಒಂದೆಡೆ ನಿಂತು, ಹೊಳೆ ತಂದ ಊಟವನ್ನು ಆಯ್ದು ತಿನ್ನುವ ಜಾತಿ. ಒಂದು ಹುಳು ಏಳುತ್ತಿರುವ ಹೊತ್ತಿನಲ್ಲಿ ಅದು ಎಷ್ಟೋ ಸಲ ಬೇರೆಯದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಆದುದರಿಂದಲೇ ಅದನ್ನು ಹಿಡಿಯುವವನು ಎರೆಹುಳುವನ್ನು ಸಿಕ್ಕಿಸಿ ಕಾಯುವುದರ ಬದಲು, ಆ ದಿನ ಆ ಹೊತ್ತು ಏಳುತ್ತಿರುವ ಹುಳುವಿನ ಪ್ರತಿಕೃತಿಯನ್ನು ಗರಿ, ತುಪ್ಪುಳು, ದಾರಗಳಿಂದ ಗಾಳದ ಮುಳ್ಳಿಗೆ ಕಟ್ಟಿ, ತೂಕವೇ ಇಲ್ಲದ ಅದನ್ನು ದಾರದ ಭಾರದಿಂದಲೇ ಬೀಸಿ ನೀರಿನ ಮೇಲೆ ಇಳಿಸುವ ಕಲೆಯನ್ನು ಕಂಡುಕೊಂಡನು. ಇದೇ ಫ್ಲೈ ಫಿಶಿಂಗ್; ಹುಸಿನೊಣದ ಬೇಟೆ. ಮ್ಯಾಸಿಡೋನಿಯದ ಜನ ಕೆಂಪು ಉಣ್ಣೆ ಸುತ್ತಿ ಹುಂಜದ ಗರಿ ಕಟ್ಟಿ ಮೀನು ಹಿಡಿಯುತ್ತಿದ್ದುದನ್ನು ರೋಮಿನ ಈಲಿಯನ್ ಎಂಬ ಗ್ರಂಥಕಾರನು ಕ್ರಿ.ಶ. 200ರ ಸುಮಾರಿಗೇ ಬರೆದಿಟ್ಟಿದ್ದಾನೆ. 1653ರಲ್ಲಿ ಇಂಗ್ಲೆಂಡಿನ ಐಸಾಕ್ ವಾಲ್ಟನ್ ಗಾಳಗಾರಿಕೆಯ ಮೇಲೆ ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿ ಕೊಳವೆಮನೆಯ ಕ್ಯಾಡಿಸ್ ಹುಳುವಿನ ವಿಚಾರ ಬಂದಿದೆ.

ಅವರಲ್ಲಿಯೂ ಶರತ್ಕಾಲದ ಕ್ಯಾಡಿಸ್ಸಿಗೆ ವಿಶೇಷ ಮರ್ಯಾದೆ. ಬೇಸಗೆಯ ಸಣ್ಣ ಹುಳುಗಳೆಲ್ಲ ಮುಗಿದು, ಎಲೆ ಹಣ್ಣಾಗಿ, ಚಳಿ ಮುಂದೆ ಕಾದಿರುವಾಗ, ಉತ್ತರ ಅಮೆರಿಕದ ಪಶ್ಚಿಮದ ಹೊಳೆಗಳಲ್ಲಿ ಅಂಗುಲ ಮೀರಿದ, ಕಿತ್ತಳೆ ಬಣ್ಣದ ಹೊಟ್ಟೆಯ ಡೈಕಾಸ್ಮೋಯಿಕಸ್ ಏಳುತ್ತದೆ. ನಡುಬೇಸಗೆಯಲ್ಲಿಯೇ ಕಲ್ಲುಹರಳಿನ ತನ್ನ ಮನೆಯನ್ನು ಬಂಡೆಗೆ ಬಿಗಿದು ಬಾಗಿಲು ಹಾಕಿಕೊಂಡು, ವಾರಗಟ್ಟಲೆ ಸುಮ್ಮನಿದ್ದು, ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಹೊರಡುವುದರಿಂದ ಗಾಳಗಾರರು ಇದನ್ನು ಅಕ್ಟೋಬರ್ ಕ್ಯಾಡಿಸ್ ಎಂದು ಕರೆದರು. ಹೊರಡುವ ಮುನ್ನ ಬಹುಪಾಲು ಇವು ದಡದ ಕಡೆಯ ತೆಳುನೀರಿಗೆ ಸಾಗುತ್ತವೆ. ಇಳಿಹೊತ್ತಿನಲ್ಲಿ ದೊಡ್ಡ ಟ್ರೌಟುಗಳು ಎಂದೂ ಬಾರದ ಅಂಚಿಗೆ ಬಂದು ನಿಲ್ಲುತ್ತವೆ. ಗೊತ್ತಿಲ್ಲದವನು ನಡುಹೊಳೆಗೆ ಗಾಳ ಬೀಸಿ ಬರಿಗೈಯಲ್ಲಿ ಮರಳುತ್ತಾನೆ. ಗೊತ್ತಿದ್ದವನು ಕೋಶದ ರೂಪದ ಹುಸಿಹುಳುವನ್ನು ಅಂಚಿನುದ್ದಕ್ಕೂ ತೇಲಿಬಿಟ್ಟು ಮೇಲಕ್ಕೆ ಏಳುವಂತೆ ದಾರವನ್ನು ಬಿಗಿಗೊಳಿಸುತ್ತಾನೆ. ಇಂಗ್ಲೆಂಡಿನಲ್ಲಿ ಇದೇ ಸ್ಥಾನ ಕೇಪರರ್ ಎಂಬ ದೊಡ್ಡ ಸೆಜ್ಜಿನದು. ಟೆಸ್ಟ್ ಹೊಳೆಯನ್ನು ಕಾಯುತ್ತಿದ್ದ ವಿಲಿಯಂ ಲನ್ ಅದಕ್ಕೆಂದು ಕಟ್ಟಿದ ಹುಸಿನೊಣ ಇಂದಿಗೂ ಅವನ ಹೆಸರಿನಲ್ಲಿಯೇ ಮಾರಾಟವಾಗುತ್ತಿದೆ. ಪೆನ್ಸಿಲ್ವೇನಿಯದಲ್ಲಿ ಆಲ್ ಟ್ರಾತ್ 1957ರಲ್ಲಿ ಎಲ್ಕ್ ಎಂಬ ಕಡವೆಯಂಥ ಮೃಗದ ಕೂದಲನ್ನು ಸೂರಿನಾಕಾರಕ್ಕೆ ಕಟ್ಟಿ ಮಾಡಿದ ತೇಲುನೊಣವಂತೂ ಟ್ರೌಟ್ ಇರುವ ಎಲ್ಲ ದೇಶಗಳಿಗೂ ಹೋಗಿದೆ. ಗ್ಯಾರಿ ಲಫಾಂಟೈನ್ ಎಂಬವನು ನೀರಿನೊಳಕ್ಕೇ ಮುಳುಗಿ ಕಾದು, ಏಳುವ ಕೋಶದ ಬೆಳ್ಳಿಹೊಳಪನ್ನು ಕಂಡು ಅದಕ್ಕೆ ತಕ್ಕ ನೂಲನ್ನು ಆರಿಸಿದನು. 1981ರಲ್ಲಿ ಕ್ಯಾಡಿಸ್ಸುಗಳ ಮೇಲೆಯೇ ಒಂದು ದೊಡ್ಡ ಗ್ರಂಥವನ್ನು ಬರೆದನು. ಒಂದು ಮೀನನ್ನು ಮರುಳುಗೊಳಿಸುವುದಕ್ಕಾಗಿ ಮನುಷ್ಯನು ಒಂದು ಹುಳುವನ್ನು ಇಷ್ಟು ಪ್ರೀತಿಯಿಂದ ಓದಿದನಲ್ಲ ಎಂದು ನನಗೆ ಬೆರಗು.

ಈ ಹುಸಿನೊಣಗಳಲ್ಲಿ ನಮ್ಮ ನಾಡಿನದೂ ಒಂದು ಪಾಲುಂಟು. ಕಾವೇರಿಯ ಈ ಕಾಡುಗಳಲ್ಲಿ ಮುಂಜಾನೆ ಕೂಗುವ ಬೂದು ಕಾಡುಕೋಳಿಯ ಹುಂಜದ ಕೊರಳಗರಿಯ ತುದಿಯಲ್ಲಿ ಮೇಣದಂತೆ ಮಿರುಗುವ ಹಳದಿ ಚುಕ್ಕೆಗಳಿರುತ್ತವೆ. ಆ ಗರಿ ಕಟ್ಟಿದ ಗಾಳಕ್ಕೆ ಮೀನು ಬೇಗ ಬೀಳುತ್ತದೆಂದು ವಿಲಾಯತಿಯ ಗಾಳಗಾರರು ನಂಬಿ, ಅದನ್ನು ಹೊರೆಹೊರೆಯಾಗಿ ತರಿಸಿಕೊಳ್ಳುತ್ತಿದ್ದರು. ಕಾಡುಕೋಳಿಗೆ ಈಗ ಕಾಯಿದೆಯ ರಕ್ಷಣೆಯುಂಟು. ಆ ವ್ಯಾಪಾರ ನಿಂತುದು ಒಳ್ಳೆಯದೇ ಆಯಿತು.

ಕರ್ನಾಟಕದ ಬೆಚ್ಚನೆಯ ಹೊಳೆಗಳಲ್ಲಿ ಟ್ರೌಟ್ ಬದುಕುವುದಿಲ್ಲ. ಆದರೆ ನಮ್ಮ ನೆರೆಯ ನೀಲಗಿರಿಯಲ್ಲಿ, ಫ್ರಾನ್ಸಿಸ್ ಡೇ 1860ರ ದಶಕದಲ್ಲಿಯೇ ಮಾಡಿ ಸೋತ ಪ್ರಯತ್ನವನ್ನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಎಚ್.ಸಿ. ವಿಲ್ಸನ್ ಮುಂದುವರಿಸಿ, ಅವಲಾಂಚಿಯಲ್ಲಿ ಮೊಟ್ಟೆಯಿಂದ ಮರಿ ಮಾಡಿಸಿ ರೇನ್‌ಬೋ ಟ್ರೌಟನ್ನು ನೆಲೆಗೊಳಿಸಿದನು. ಅವಲಾಂಚಿಯ ನೀರು ಕುಂದಾ ಹೊಳೆಯಾಗಿ, ಭವಾನಿಯಾಗಿ, ಕೊನೆಗೆ ಕಾವೇರಿಗೇ ಬಂದು ಸೇರುತ್ತದೆ. ಆ ಬೆಟ್ಟದ ಟ್ರೌಟಿನ ಊಟವೂ ಮುತ್ತತ್ತಿಯ ಕೆಂಡೆಯ ಊಟವೂ ಒಂದೇ ಜಲಾನಯನದ ಕಲ್ಲುಗಳಡಿಯಲ್ಲಿ ಬೆಳೆಯುವುದು.

ನಮ್ಮ ಹೊಳೆಯ ರಾಜನಾದರೋ ಮಹಶೀರ್. ಬೆಸ್ತರ ಮಾತಿನಲ್ಲಿ ಬಿಳಿಮೀನು. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಗಾಳಗಾರಿಕೆಯ ಗ್ರಂಥ ಈ ಮೀನಿನ ಕೀರ್ತಿಯನ್ನು ಲೋಕಕ್ಕೆಲ್ಲ ಹರಡಿತು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಹಿಡಿದ ಮೀನು 120 ಪೌಂಡು, ಎಂದರೆ 54 ಕಿಲೋ ತೂಗಿತು. ಇದನ್ನು ಹಿಡಿಯಲು ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಿಗೆ ಸಮುದ್ರ ದಾಟಿ ಬಂದವರೂ ಕಡೆಗೆ ಶರಣಾದದ್ದು ನಮ್ಮ ರಾಗಿಗೆ: ಗಟ್ಟಿಯಾಗಿ ಬೇಯಿಸಿದ ರಾಗಿಹಿಟ್ಟಿನ ಉಂಡೆಯೇ ಇಲ್ಲಿಯ ಮೇಲಾದ ಎರೆ. ಆದರೂ ಉಂಡೆ ತಿನ್ನುವಷ್ಟು ದೊಡ್ಡದಾಗುವ ಮುನ್ನ ಬಿಳಿಮೀನಿನ ಮರಿ ಮೇಯುವುದು ನೀರಿನ ಹುಳುಗಳನ್ನೇ.

ಹಿಡಿದ ಮೀನನ್ನು ತೂಗಿ ನೋಡಿ ಮತ್ತೆ ಹೊಳೆಗೇ ಬಿಡುವ ಪದ್ಧತಿ ಗಾಳಿಬೋರೆಯಲ್ಲಿ ಇದ್ದಿತು. ವನ್ಯಜೀವಿ ಕಾಯಿದೆಯ ಅನ್ವಯ ಆ ಗಾಳಗಾರಿಕೆ 2012ರ ಸುಮಾರಿಗೆ ಪೂರ್ತಿಯಾಗಿ ನಿಂತಿತು. ಅಲ್ಲಿಯ ಗಾಳಗಾರರು 1998ರಿಂದ ಮೊದಲುಗೊಂಡು ದಿನದಿನವೂ ಬರೆದಿಟ್ಟಿದ್ದ ಲೆಕ್ಕದ ಪುಸ್ತಕಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು ಪರಿಶೀಲಿಸಿದಾಗ, ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್ ಹೆಚ್ಚುತ್ತ ಹೋದಂತೆ ಕಾವೇರಿಯ ಸ್ವಂತದ ಡುಬ್ಬದ ಮಹಶೀರ್ ಕಾಣೆಯಾಗುತ್ತ ಬಂದುದು ಬೆಳಕಿಗೆ ಬಂದಿತು. 2018ರಲ್ಲಿ ಅದರ ವೈಜ್ಞಾನಿಕ ನಾಮಧೇಯ ಟಾರ್ ರೆಮಾದೇವಿ ಎಂದು ಖಚಿತಪಟ್ಟು, ಅದೇ ವರ್ಷ ಅಳಿವಿನ ಅಂಚಿನ ತೀವ್ರ ಅಪಾಯದ ಪಟ್ಟಿಗೆ ಸೇರಿತು. ಸಂಜೆ ಡೇರೆಗೆ ಮರಳಿ ಆಯಾಸದಲ್ಲಿಯೂ ಮೀನಿನ ಜಾತಿ, ತೂಕ, ಕಳೆದ ಹೊತ್ತುಗಳನ್ನು ಬರೆದಿಟ್ಟ ಆ ಗಾಳಗಾರರ ಶ್ರದ್ಧೆಯನ್ನು ನಾನು ಗೌರವದಿಂದ ನೆನೆಯುತ್ತೇನೆ. ಹುಳುಗಳ ವಿಷಯದಲ್ಲಿಯೂ ಅಂಥ ಶ್ರದ್ಧೆ ನಮ್ಮಲ್ಲಿ ಆರಂಭವಾಗಿದೆ, ಕೆ.ಎ. ಸುಬ್ರಮಣಿಯನ್ ಮತ್ತು ಕೆ.ಜಿ. ಶಿವರಾಮಕೃಷ್ಣನ್ ಭಾರತದ ಜಲಕೀಟಗಳಿಗೆ ಬರೆದ ಕೈಪಿಡಿ 2007ರಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆಯಿಂದ ಹೊರಬಂದಿತು. ಹೊಳೆಯ ನೀರು ಶುದ್ಧವೋ ಅಲ್ಲವೋ ಎಂದು ಅಳೆಯುವವರು ಮೊದಲು ಎಣಿಸುವ ಮೂರು ಕುಲಗಳಲ್ಲಿ ಕ್ಯಾಡಿಸ್ಸೂ ಒಂದು. ಕೊಳಚೆ ಸೇರಿದಂತೆಲ್ಲ, ವಿಷ ಬೆರೆತಂತೆಲ್ಲ ಇವುಗಳ ಬಗೆಗಳು ಒಂದೊಂದಾಗಿ ಇಲ್ಲವಾಗುತ್ತವೆ. ಮರಳು ಬಾಚಿದ ಹೊಳೆಯಲ್ಲಿ ಮನೆ ಕಟ್ಟಲು ಕಣವೂ ಇಲ್ಲ, ಬಲೆ ಒಡ್ಡಲು ಕಲ್ಲೂ ಇಲ್ಲ.

ವಿಷದ ಮಾತು ಬಂದಾಗ ನಮ್ಮ ಗದ್ದೆಯ ಕೊಳವೆಹುಳು ನೆನಪಾಗುತ್ತದೆ. ಅದು ಪತಂಗದ ಮರಿ. ಆದರೂ ದಾಯಾದಿಯನ್ನು ನೋಡಿ ಕಲಿತಂತೆ ನೀರಿಗೆ ಇಳಿದು, ಭತ್ತದ ಗರಿಯನ್ನು ಕತ್ತರಿಸಿ ಕೊಳವೆ ಸುತ್ತಿಕೊಂಡು, ನೀರಿನಲ್ಲಿಯೇ ಉಸಿರಾಡುತ್ತ ತೇಲುತ್ತದೆ. ಹಿಂದೆ ಅದು ಬಿದ್ದರೆ ನಿಂತ ನೀರಿಗೆ ಸ್ವಲ್ಪ ಸೀಮೆಎಣ್ಣೆ ಬಿಟ್ಟು, ಇಬ್ಬರು ಎದುರುಬದುರು ಬದುವಿನ ಮೇಲೆ ನಿಂತು ಪೈರಿನ ಮೇಲೆ ಹಗ್ಗ ಎಳೆದು, ಉದುರಿದ ಕೊಳವೆಗಳನ್ನು ನೀರಿನೊಡನೆ ಬಸಿದು ಹಾಕುತ್ತಿದ್ದರು. ನಮ್ಮಪ್ಪ ಹಗ್ಗದ ಆ ತುದಿ, ನಾನು ಈ ತುದಿ. ಈಗ ಅಷ್ಟು ಕೈಗಳಿಲ್ಲ, ಔಷಧಿಯ ಡಬ್ಬಿ ಸುಲಭ. ಗದ್ದೆಗೆ ಹೊಡೆದುದು ಬಸಿಗಾಲುವೆಗೆ, ಬಸಿಗಾಲುವೆಯದು ಹಳ್ಳಕ್ಕೆ, ಹಳ್ಳದ್ದು ಹೊಳೆಗೆ. ಇದೇ ಊರಿನಲ್ಲಿ ಸೈಯದ್ ಘನಿ ಖಾನರು ನೂರಾರು ದೇಸಿ ಭತ್ತದ ತಳಿಗಳನ್ನು ವಿಷವಿಲ್ಲದೆ ಬೆಳೆಸಿ ಉಳಿಸಿದ್ದಾರೆ. ಅವರ ಭತ್ತದ ಸಂಗ್ರಹವನ್ನು ನೋಡಲು ಬರುವವರಿಗೆ ಗದ್ದೆಯ ನೀರನ್ನೂ ಒಮ್ಮೆ ಬಗ್ಗಿ ನೋಡಿರೆಂದು ಹೇಳಬೇಕೆಂದು ನನ್ನ ಆಸೆ.

ಮುತ್ತತ್ತಿಯಲ್ಲಿ ಆ ದಿನ ನಾನು ಕಲ್ಲನ್ನು ನೀರಿಗೆ ಹಾಕಹೊರಟಾಗ ಮುದುಕರು ಕೈಹಿಡಿದು ತಡೆದರು. "ಹಂಗೆ ಬಿಸಾಕ್ಬೇಡಿ ಸ್ವಾಮಿ. ಯಾವ ಮಗ್ಗುಲಾಗಿತ್ತೋ ಆ ಮಗ್ಗುಲಾಗೇ ಮಡಗಿ" ಎಂದು, ತಾವೇ ಅದನ್ನು ಇಸಿದುಕೊಂಡು, ಬಲೆಯ ಬಾಯಿ ಮೇಲ್ಹೊಳೆಗೆ ಬರುವಂತೆ ತಿರುಗಿಸಿ, ಎರಡು ಕೈಯಿಂದಲೂ ಒತ್ತಿ ಕೂರಿಸಿದರು.

ಊರಿಗೆ ಬಂದಾಗ ಕತ್ತಲಾಗಿತ್ತು. ಜಗಲಿಯ ದೀಪದ ಸುತ್ತ ಎಂದಿನಂತೆ ಹುಳುಗಳು. ಗೋಡೆಯ ಮೇಲೆ, ಒಂದು ಗೇಣು ದೂರದಲ್ಲಿ, ಸೂರಿನಂತೆ ರೆಕ್ಕೆ ಇಳಿಬಿಟ್ಟು ಕುಳಿತಿದ್ದ ಅದೇ ಜೀವಿ. ಮೊದಲು ಪಕ್ಕದ ಬಿಳಿಯ ಪತಂಗವನ್ನು ಮುಟ್ಟಿದೆನು. ಬೆರಳ ತುದಿಗೆ ಹುಡಿ ಹತ್ತಿತು. ಅದನ್ನು ಪಂಚೆಗೆ ಒರಸಿಕೊಂಡು ಇದರ ರೆಕ್ಕೆಯ ಅಂಚನ್ನು ಮೆಲ್ಲಗೆ ತಾಗಿದೆನು. ಮೀಸೆಗಳೆರಡೂ ಒಮ್ಮೆ ಅಲುಗಿದವು. ಬೆರಳಿಗೆ ಏನೂ ಹತ್ತಲಿಲ್ಲ.